ಬಾಗಿಲ ಮುಂದಿನ ಕಬ್ಬಿಣದ ಡಬ್ಬಿ

ನಮ್ಮ ಮನೆಯ ಕಟ್ಟೆಗೂ ಆ ಕಬ್ಬಿಣದ ಡಬ್ಬಿಗೂ ನಡುವೆ ಉಳಿದಿದ್ದ ಸಂದಿಯಲ್ಲಿ ನಾನು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದು ಬೀದಿಗೆ ಬರಬಹುದಿತ್ತು. ಹಾಲಿನವಳು ಒಳಗೆ ಬರಬಹುದಿತ್ತು. ಅಕ್ಕನ ಗಾಲಿಕುರ್ಚಿ ಮಾತ್ರ ಹೊರಗೆ ಬರುತ್ತಿರಲಿಲ್ಲ.

ಹೊಸಪೇಟೆಯ ಹಳೆಯ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ನಮ್ಮ ಎಡಗೋಡೆ, ಬಲಗೋಡೆ ಎರಡೂ ಪಕ್ಕದವರ ಜೊತೆ ಹಂಚಿಕೊಂಡವು. ಹಿಂದಿನ ಗೋಡೆಯ ಆಚೆ ಇನ್ನೊಬ್ಬರ ಬಚ್ಚಲು. ಹಿತ್ತಲ ಬಾಗಿಲು ಇಲ್ಲ. ಇರುವುದು ಬೀದಿ ಬಾಗಿಲೊಂದೇ. ಆ ಬಾಗಿಲಿಗೆ ಅಡ್ಡವಾಗಿ ಡಬ್ಬಿ ನಿಂತಿತ್ತು, ಮತ್ತು ಅದು ಅಲ್ಲೇ ನಿಲ್ಲಬೇಕೆಂದು ಮುದ್ರೆ ಒತ್ತಿದ ಕಾಗದ ನಮ್ಮ ಹತ್ತಿರವೇ ಇತ್ತು.

ಇದೆಲ್ಲ ಶುರುವಾಗಿದ್ದು ಮಾಳಿಗೆಯಿಂದ. ನಮ್ಮದು ಮಣ್ಣಿನ ಮಾಳಿಗೆ. ಕೆಳಗೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆಯ ಚಕ್ಕೆ, ಎಲ್ಲದರ ಮೇಲೆ ಮೊಳ ದಪ್ಪದ ಮಣ್ಣು. ಬೇಸಿಗೆಯಲ್ಲಿ ಇದರಷ್ಟು ತಂಪು ಬೇರೆ ಇಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಮಾಳಿಗೆ ಹತ್ತಿ ಹೊಸ ಮಣ್ಣು ಹರವಿ, ತುಳಿದು, ಬಿರುಕು ಮುಚ್ಚುವುದು ಇಲ್ಲಿನ ರೂಢಿ. ಓಣಿಯ ಉಳಿದವರು ಕೆರೆ ದಂಡೆಯ ಬೂದು ಬಣ್ಣದ ಮಣ್ಣು ತರುತ್ತಿದ್ದರು. ನಮ್ಮಪ್ಪ ಮಾತ್ರ ಸಂಡೂರಿನ ಗುಡ್ಡದ ಬುಡದಿಂದ ಕೆಂಪು ಮಣ್ಣು ತರಿಸುತ್ತಿದ್ದ. ಅದು ಭಾರ, ಗಾಳಿಗೆ ಹಾರುವುದಿಲ್ಲ, ಒಮ್ಮೆ ನೀರು ಬಿದ್ದು ಗಟ್ಟಿಯಾದರೆ ಮತ್ತೆ ನೀರು ಬಿಡುವುದಿಲ್ಲ ಎಂಬುದು ಅವನ ನಂಬಿಕೆ. ನಮ್ಮ ಮನೆಯಲ್ಲಿ ಬಂಗಾರದ ಬಗ್ಗೆ ಯಾರೂ ಜಂಬ ಕೊಚ್ಚಿದ್ದಿಲ್ಲ, ಕೊಚ್ಚಲು ಇರಲೂ ಇಲ್ಲ. ಮಾಳಿಗೆ ಮಣ್ಣಿನ ಬಗ್ಗೆ ಕೊಚ್ಚುತ್ತಿದ್ದರು. ಅಪ್ಪನ ನಂತರ ಆ ಜಂಬ ಅಕ್ಕನಿಗೆ ಬಂತು.

ಅಕ್ಕ ನನಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದು, ಜೋಳದ ರೊಟ್ಟಿ ಬಡಿದು ಮಾರುವ ಕೆಲಸ ಹಿಡಿದಳು. ಮಗಳು ಮದುವೆಯಾಗಿ ಕಂಪ್ಲಿಯಲ್ಲಿದ್ದಾಳೆ. ಅಕ್ಕ ಬೆಳಿಗ್ಗೆ ನೆಲದ ಮೇಲೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಒಲೆಯ ಮುಂದೆ ಕೂತಳೆಂದರೆ ಓಣಿಗೆಲ್ಲ ರೊಟ್ಟಿ ಬಡಿಯುವ ಸದ್ದು. ಆ ಸದ್ದು ಕೇಳಿಯೇ ಎದುರು ಮನೆಯವರು ಎದ್ದು ಒಲೆ ಹಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಗೆದ್ದಲು ತಿಂದ ತೊಲೆಯೊಂದು ಅಡುಗೆಮನೆಯಲ್ಲಿ ಮುರಿಯಿತು. ಮಣ್ಣು ಸುರಿಯುವುದಕ್ಕೆ ಮುಂಚೆ ಅಕ್ಕ ಜಿಗಿದು ಆಚೆ ಬಂದಳು, ಬಂದವಳು ಹೊಸ್ತಿಲಿಗೆ ಮೊಣಕಾಲು ಊರಿ ಬಿದ್ದಳು. ಮೊಣಕಾಲ ಚಿಪ್ಪು ಒಡೆದಿತ್ತು. ಶಸ್ತ್ರಕ್ರಿಯೆ ಆಯಿತು, ತಂತಿ ಹಾಕಿದರು, ಕಾಲು ಕಡ್ಡಿಯಂತೆ ನೆಟ್ಟಗೆ ನಿಂತಿತು. ಪಟ್ಟಿ ಬಿಚ್ಚಿದ ಮೇಲೆ ಅದನ್ನು ಮಡಚಿಸುವ ವ್ಯಾಯಾಮದ ಡಾಕ್ಟರ ಹತ್ತಿರ ಕಳಿಸಿದರು. ಆಕೆ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಅಕ್ಕನನ್ನು ಕೇಳಿದಳು: "ಕುರ್ಚಿ ಮೇಲೆ ಕುಂದ್ರೋಷ್ಟು ಮಡಚಿದ್ರ ಸಾಕೇನಮ್ಮಾ?"

"ಸಾಕಾಗಂಗಿಲ್ಲವ್ವಾ. ನೆಲದ ಮ್ಯಾಲ ಕುಂದ್ರಬೇಕು. ಕುರ್ಚಿ ಮ್ಯಾಲ ಕುಂತು ರೊಟ್ಟಿ ಬಡಿಯಾಕ ಬರ್ತೈತೇನು?"

"ಹಂಗಾರ ಒಂದಿನಾನೂ ತಪ್ಪಿಸಬ್ಯಾಡ್ರಿ. ಈಗ ಮಡಚಿದ್ದೇ ಮಡಚಿದ್ದು. ಗಂಟು ಬಿಗಿದ ಮ್ಯಾಲ ನಾನೂ ಏನೂ ಮಾಡಾಕಾಗಲ್ಲ, ನೀವೂ ಏನೂ ಮಾಡಾಕಾಗಲ್ಲ."

ಅಕ್ಕ ತಪ್ಪಿಸಲಿಲ್ಲ. ಗಾಲಿಕುರ್ಚಿಯನ್ನು ಕಟ್ಟೆಯ ಪಕ್ಕದ ಹಲಗೆಯ ಮೇಲೆ ಇಳಿಸಿ, ಆಟೋದ ಹಿಂದಿನ ಸೀಟಿನಲ್ಲಿ ಅವಳನ್ನು ಅಡ್ಡ ಕೂರಿಸಿ, ನೆಟ್ಟಗಿನ ಕಾಲನ್ನು ಹೊರಗೆ ಚಾಚಿಸಿ, ಅದಕ್ಕೊಂದು ಕೆಂಪು ಟವೆಲ್ ಕಟ್ಟಿ ದಿನಾ ಕರೆದೊಯ್ಯುತ್ತಿದ್ದೆ. ಕಬ್ಬಿಣದ ಸರಳು ಸಾಗಿಸುವ ಗಾಡಿಗೆ ಹಿಂದೆ ಬಟ್ಟೆ ಕಟ್ಟುತ್ತಾರಲ್ಲ, ಹಾಗೆ. ಅಕ್ಕನದೇ ಉಪಾಯ. ಕಾಲು ಸ್ವಲ್ಪ ಸ್ವಲ್ಪ ಮಡಚತೊಡಗಿತು.

ಅಷ್ಟರಲ್ಲಿ ಮಳೆಗಾಲ ಹತ್ತಿರ ಬಂತು. ನಡುಮನೆ ಮತ್ತು ಅಡುಗೆಮನೆಯ ಮಾಳಿಗೆ ತೆಗೆಯದಿದ್ದರೆ ಗೋಡೆಯೂ ಉಳಿಯುವುದಿಲ್ಲ ಎಂದು ಮೇಸ್ತ್ರಿ ಹೇಳಿದ. ಮಣ್ಣು ಎಲ್ಲಿ ಹಾಕುವುದು? ಮೊದಲಾದರೆ ಬೀದಿಯಲ್ಲಿ ಸುರಿದು, ಟ್ರ್ಯಾಕ್ಟರ್ ಬಂದಾಗ ತುಂಬುತ್ತಿದ್ದರು. ಈಗ ಬೀದಿಯಲ್ಲಿ ಸುರಿದರೆ ಗಟಾರ ಕಟ್ಟುತ್ತದೆ, ದಂಡ ಬೀಳುತ್ತದೆ. ಆದ್ದರಿಂದ ಬಾಡಿಗೆ ಡಬ್ಬಿ. ಮೇಲೆ ಬಾಯಿ ತೆರೆದ ದೊಡ್ಡ ಕಬ್ಬಿಣದ ಪೆಟ್ಟಿಗೆ. ಖಾಲಿ ತಂದು ಇಳಿಸಿ ಹೋಗುತ್ತಾರೆ. ತುಂಬಿದ ಮೇಲೆ ಲಾರಿ ಬಂದು, ಕೊಂಡಿ ಹಾಕಿ, ಬೆನ್ನ ಮೇಲೆ ಎಳೆದುಕೊಂಡು ಹೋಗುತ್ತದೆ.

ಡಬ್ಬಿಯ ಮಾಲೀಕ ಒಂದು ಕಾಲಕ್ಕೆ ಅದಿರಿನ ಟಿಪ್ಪರ್ ಓಡಿಸಿದವನು. ಗಣಿಗಳು ನಿಂತ ವರ್ಷ ಟಿಪ್ಪರ್ ಮಾರಿ ಈ ಡಬ್ಬಿಗಳನ್ನು ಮಾಡಿಸಿದ. ಅವನು ನನ್ನ ಮುಂದೆ ಕೂತು ನಿಯಮ ಹೇಳಿದ: "ನಿಮ್ಮ ಕಂಪೌಂಡಿನಾಗ ಇಟ್ರ ಯಾರೂ ಕೇಳಲ್ರಿ ಅಣ್ಣಾರ. ಬೀದ್ಯಾಗ ಇಟ್ರ ಪರ್ಮಿಷನ್ ಬೇಕು. ಎಲ್ಲಿ ಇಡ್ತೀರಿ, ಎಷ್ಟು ದಿನ ಇಡ್ತೀರಿ, ಒಳಗ ಏನು ಹಾಕ್ತೀರಿ, ತುಂಬಿದ ಮ್ಯಾಲ ಎಲ್ಲಿ ಒಯ್ದು ಸುರೀತೀರಿ. ನಾಕೂ ಬರೀಬೇಕು."

"ಕಂಪೌಂಡ್ ಎಲ್ಲೈತಿ ನಮಗ? ಕಟ್ಟೆ ಇಳಿದ್ರ ಬೀದಿ."

"ಹಂಗಾರ ನಾಕೂ ಬರೀರಿ."

ಬರೆದೆ. ಪತ್ರಿಕೆಯ ಕಚೇರಿಯಲ್ಲಿ ಬೇರೆಯವರ ಸುದ್ದಿ ತಿದ್ದಿ ಬದುಕಿದವನಿಗೆ ಇದು ಕಷ್ಟದ ಕೆಲಸವಲ್ಲ. ಎಲ್ಲಿ ಸುರಿಯುವುದು ಎಂಬಲ್ಲಿ ಮೊದಲು ತೊಡಕಾಯಿತು. ಹಂಪಿಯ ಹತ್ತಿರ ಬಾಳೆ ಬೆಳೆಯುವ ಪರಿಚಯದವನು ತನ್ನ ತಗ್ಗಿಗೆ ಮಣ್ಣು ಬೇಕೆಂದಿದ್ದ. ಅವನ ಹೊಲ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆ. ಅಲ್ಲಿ ಅಗೆಯುವುದಕ್ಕಷ್ಟೇ ಅಲ್ಲ, ಹೊರಗಿನ ಮಣ್ಣು ತಂದು ಸುರಿಯುವುದಕ್ಕೂ ಬೇರೆ ಅನುಮತಿ ಬೇಕು ಎಂದು ನಗರಸಭೆಯವರು ಹೇಳಿದರು. ಮುಂದೆ ಯಾರಾದರೂ ಅಲ್ಲಿ ಅಗೆದರೆ ಹಳೆಯ ಮಣ್ಣು ಯಾವುದು, ನಮ್ಮ ಮಾಳಿಗೆಯದು ಯಾವುದು ಎಂದು ತಿಳಿಯಬೇಡವೇ ಎಂದರು. ನನಗೆ ಒಪ್ಪಿಗೆಯಾಯಿತು. ಕೊನೆಗೆ ಕಂಪ್ಲಿಯಲ್ಲಿ ಅಕ್ಕನ ಅಳಿಯನ ಅಕ್ಕಿ ಗಿರಣಿಯ ಅಂಗಳಕ್ಕೆ ಹಾಕುವುದೆಂದು ಅವನಿಂದ ಒಪ್ಪಿಗೆ ತಂದೆ.

ಆಮೇಲೆ ಜಾಗ. ಪರಿಶೀಲನೆಗೆ ಬಂದ ಅಧಿಕಾರಿ ಇನ್ನೂ ಯುವಕ, ವಿನಯವಂತ, ಬಿಸಿಲಲ್ಲಿ ನಿಂತು ಟೇಪು ಹಿಡಿದು ತಾನೇ ಅಳೆದ. ಡಬ್ಬಿ ಗಟಾರದ ಬಾಯಿಯ ಮೇಲೆ ಬರಬಾರದು. ಎದುರು ಮನೆಯ ಬಾಗಿಲಿಗೆ ಅಡ್ಡ ಬರಬಾರದು. ನೀರಿನ ಟ್ಯಾಂಕರ್ ಹಾಯುವಷ್ಟು ದಾರಿ ಉಳಿಯಬೇಕು. ಎಲ್ಲ ಕಳೆದು ಉಳಿದ ಜಾಗ ಒಂದೇ, ನಮ್ಮ ಕಟ್ಟೆಗೆ ಒತ್ತಿಕೊಂಡು. ಅವನು ಸೀಮೆಸುಣ್ಣದಲ್ಲಿ ನಾಲ್ಕು ಮೂಲೆ ಗುರುತು ಹಾಕಿ, ನಮ್ಮ ಬಾಗಿಲು ನೋಡಿ, "ನಿಮಗ ಸ್ವಲ್ಪ ತ್ರಾಸಾಗ್ತೈತಿ ಸರ್" ಎಂದ.

ಅಕ್ಕ ಕಿಟಕಿಯಿಂದ ಉತ್ತರಿಸಿದಳು: "ಮಂಗಳವಾರ ಒಯ್ತಾರಲ್ಲಪ್ಪಾ. ಮೂರು ದಿನಕ್ಕ ಏನಾಗ್ತೈತಿ? ಮನ್ಯಾಗ ಮಡಚ್ತೀನಿ ತಗಾ."

ಶನಿವಾರ ಡಬ್ಬಿ ಬಂತು. ಗಾದಿಗನೂರಿನ ಕಡೆಯ ಗಂಡ ಹೆಂಡತಿ ಇಬ್ಬರು ಕೂಲಿಯವರು ಮಾಳಿಗೆ ಬಿಚ್ಚಿ, ಬುಟ್ಟಿಯಲ್ಲಿ ಮಣ್ಣು ತಂದು ತುಂಬಿದರು. ಸೋಮವಾರ ಸಂಜೆಗೆ ಡಬ್ಬಿ ಕಂಠಮಟ್ಟ ಆಗಿತ್ತು. ನಡುಮನೆಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು.

ಮಂಗಳವಾರ ಲಾರಿ ಬಂದು ನಿಂತಿತು. ಎತ್ತುವ ಮುಂಚೆ ಅಧಿಕಾರಿ ಒಮ್ಮೆ ನೋಡಬೇಕು. ಅಂಚಿಗಿಂತ ಮೇಲೆ ತುಂಬಿರಬಾರದು, ತಾಡಪಾಲು ಹೊದಿಸಿರಬೇಕು, ಒಳಗೆ ಕಟ್ಟಡದ ತ್ಯಾಜ್ಯ ಬಿಟ್ಟು ಬೇರೇನೂ ಇರಬಾರದು. ಅವನು ತಾಡಪಾಲಿನ ಮೂಲೆ ಎತ್ತಿದ. ಬಿಸಿಲಿಗೆ ಮಣ್ಣು ಕೆಂಪಗೆ ಹೊಳೆಯಿತು. ಅವನ ಕೈ ಅಲ್ಲೇ ನಿಂತಿತು.

ಈ ಜಿಲ್ಲೆಯಲ್ಲಿ ತಾಡಪಾಲಿನ ಕೆಳಗೆ ಕೆಂಪು ಬಣ್ಣ ಕಂಡರೆ ಯಾವ ಅಧಿಕಾರಿಯ ಕೈಯಾದರೂ ನಿಲ್ಲುತ್ತದೆ. ಕದ್ದ ಕಬ್ಬಿಣದ ಅದಿರು ವರ್ಷಗಟ್ಟಲೆ ಹೀಗೆಯೇ ಸಾಗಿದ್ದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ.

"ಸರ್, ಇದು ಎಲ್ಲಿ ಮಣ್ಣು?"

"ಮಾಳಿಗೆ ಮಣ್ಣು," ಎಂದೆ.

ಅಷ್ಟು ಸಾಕಿತ್ತು. ಆದರೆ ಕಿಟಕಿಯಲ್ಲಿ ಅಕ್ಕ ಇದ್ದಳು, ಮತ್ತು ಪ್ರಶ್ನೆ ಅಪ್ಪನ ಮಣ್ಣಿನದಾಗಿತ್ತು.

"ಸಂಡೂರು ಮಣ್ಣಪ್ಪಾ ಅದು! ಗುಡ್ಡದ್ದು. ನಮ್ಮಪ್ಪ ಎತ್ತಿನ ಗಾಡ್ಯಾಗ ಹೇರಿಸ್ಕೊಂಡು ತಂದಿದ್ದು. ಕೈಯಾಗ ಹಿಡಿದು ನೋಡು ಬೇಕಾರ, ಕಬ್ಬಿಣ ಇದ್ದಂಗ ಐತಿ."

ಅವನು ಹಿಡಿದು ನೋಡಿದ. "ಭಾರ ಐತಿ" ಎಂದ.

"ಮತ್ತ! ಓಣ್ಯಾಗ ಎಲ್ರ ಮಾಳಿಗಿ ಸೋರ್ತಿದ್ವು, ನಮ್ದು ಒಂದು ಹನಿ ಸೋರಿದ್ದಿಲ್ಲ. ಕೇಳು ಬೇಕಾರ ಎದುರು ಮನ್ಯಾಕಿನ್ನ."

ಎದುರು ಮನೆಯಾಕೆ ತನ್ನ ಬಾಗಿಲಲ್ಲಿ ನಿಂತು, "ಹೌದ್ರಿ, ಅಕ್ಕಾರ ಮಾಳಿಗಿ ಮಣ್ಣಂದ್ರ ಮಣ್ಣು" ಎಂದು ಸಾಕ್ಷಿ ನುಡಿದಳು.

"ಎಷ್ಟು ಗಾಡಿ ತಂದಿದ್ರಮ್ಮಾ?"

"ಯಾರು ಲೆಕ್ಕ ಇಟ್ಟಾರ? ಆಗ ಗುಡ್ಡ ಯಾರಪ್ಪಂದು ಇತ್ತು? ಬೇಕಾದಷ್ಟು ತಂದ್ವಿ."

ಡಬ್ಬಿಯ ಮಾಲೀಕ ಹಣೆ ಹಿಡಿದುಕೊಂಡು ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನು ಟಿಪ್ಪರ್ ಓಡಿಸಿದವನು, ಮುಂದಿನದೆಲ್ಲ ಅವನಿಗೆ ಆಗಲೇ ಗೊತ್ತಾಗಿತ್ತು. "ಅಕ್ಕಾರ," ಎಂದ, "ಭೂಮಿ ಮ್ಯಾಲ ಇಷ್ಟು ಊರು ಅದಾವು. ಆ ಒಂದು ಊರು ಬಿಟ್ಟು ಬ್ಯಾರೆ ಯಾವ್ದರ ಹೆಸರು ಹೇಳಬಾರ್ದಿತ್ತಾ?"

"ನಮ್ಮಪ್ಪ ತಂದಿದ್ದು ಸಂಡೂರಿಂದ. ನಿನ್ನ ಡಬ್ಬಿ ಸಲುವಾಗಿ ನಮ್ಮಪ್ಪನ ಮಣ್ಣಿನ ಊರು ಬದ್ಲಿ ಮಾಡ್ಲೇನು?"

ಅಧಿಕಾರಿ ದೂರ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ಬೈಯಲಿಲ್ಲ, ಲಂಚವನ್ನೂ ಕೇಳಲಿಲ್ಲ. ಸಂಡೂರಿನ ಗುಡ್ಡದ ಮಣ್ಣು ಎಂದು ಮನೆಯವರೇ ಹೇಳಿದ ಮೇಲೆ, ಅದರಲ್ಲಿ ಅದಿರಿನ ಅಂಶ ಇಲ್ಲವೆಂದು ಪರೀಕ್ಷೆಯಾಗುವ ತನಕ ಸಾಗಿಸಲು ತಾನು ಬಿಟ್ಟರೆ ನಾಳೆ ಉತ್ತರ ಹೇಳಬೇಕಾದವನು ತಾನು ಎಂದ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿಕೊಂಡ, ಡಬ್ಬಿಯ ಫೋಟೋ ತೆಗೆದ, ಮಹಜರು ಬರೆದ. ವಸ್ತುವನ್ನು ಸ್ಥಳದಿಂದ ಸಾಗಿಸತಕ್ಕದ್ದಲ್ಲ ಎಂದಿತ್ತು. ನಾನು ಓದಿ ಸಹಿ ಮಾಡಿದೆ. ವಾಕ್ಯದಲ್ಲಿ ತಪ್ಪಿರಲಿಲ್ಲ. ಲಾರಿ ಖಾಲಿ ಹೋಯಿತು.

ಅಂದಿನಿಂದ ನಾವು ಒಳಗೆ.

ಮೊದಲ ಕೆಲವು ದಿನ ಅಕ್ಕ ಮನೆಯಲ್ಲೇ ಕಾಲು ಮಡಚಲು ನೋಡಿದಳು. ನಾನು ಹಿಮ್ಮಡಿ ಹಿಡಿದು ಒತ್ತಬೇಕು, ಅವಳು ಹಲ್ಲು ಕಚ್ಚಬೇಕು. ನೋವು ಶುರುವಾದ ಕಡೆ ನಾನು ಬಿಟ್ಟುಬಿಡುತ್ತಿದ್ದೆ. ವ್ಯಾಯಾಮದ ಡಾಕ್ಟರು ನೋವು ಶುರುವಾದ ಕಡೆಯಿಂದಲೇ ಕೆಲಸ ಶುರು ಮಾಡುತ್ತಿದ್ದಳು. ಫೋನಿನಲ್ಲಿ ಕೇಳಿದರೆ, ಯಂತ್ರ ಇಲ್ಲಿದೆ, ಸರದಿಯಲ್ಲಿ ಇಷ್ಟು ಜನ ಕೂತಿದ್ದಾರೆ, ಬಿಟ್ಟು ಬರಲಾರೆ ಎಂದಳು. ಅದೂ ನ್ಯಾಯವೇ.

ಎತ್ತಿಕೊಂಡು ಹೋಗಲು ಒಮ್ಮೆ ಪ್ರಯತ್ನಿಸಿದೆವು. ಆಟೋದವನು, ಎದುರು ಮನೆಯಾಕೆಯ ಗಂಡ, ನಾನು. ಕುರ್ಚಿಯನ್ನು ಕಟ್ಟೆಯ ಮೇಲೆ ತಂದೆವು, ಅಲ್ಲಿಂದ ಅವಳನ್ನು ಕೈಗಳ ಮೇಲೆ ಎತ್ತಿದೆವು. ಸಂದಿಯಲ್ಲಿ ತಿರುಗಬೇಕು. ಮಡಚದ ಕಾಲು ಎದುರಿಗೆ ಚಾಚಿಕೊಂಡಿದೆ. ತಿರುಗಿದರೆ ಕಾಲು ಡಬ್ಬಿಗೆ ಬಡಿಯುತ್ತದೆ, ತಿರುಗದಿದ್ದರೆ ದಾರಿಯಿಲ್ಲ. ಹಿಮ್ಮಡಿ ಕಬ್ಬಿಣಕ್ಕೆ ಬಡಿದು ದೊಡ್ಡ ಸದ್ದಾಯಿತು. ಎಲ್ಲರೂ ನಿಂತೆವು. ಕಾಲು ಮಡಚಿದರೆ ಅವಳು ಹೊರಗೆ ಹೋಗಬಹುದಿತ್ತು, ಹೊರಗೆ ಹೋದರೆ ಕಾಲು ಮಡಚುತ್ತಿತ್ತು.

"ಇಳಸ್ರೋ," ಎಂದಳು ಅಕ್ಕ. "ಡಬ್ಬಿಗೆ ಪೆಟ್ಟಾದ್ರ ಅದಕ್ಕೊಂದು ಪರ್ಮಿಷನ್ ಕೇಳ್ಯಾರು."

ಎಲ್ಲರೂ ನಕ್ಕರು. ಅವತ್ತು ಅವಳು ಊಟ ಮಾಡಲಿಲ್ಲ.

ತುಂಬಿದ ಡಬ್ಬಿಯನ್ನು ತುಸು ಸರಿಸಬಹುದಲ್ಲ ಎಂದು ಅಧಿಕಾರಿಯನ್ನು ಕೇಳಿದೆ. ಸರಿಸಿದರೆ ಗಟಾರದ ಬಾಯಿ ಮುಚ್ಚುತ್ತದೆ, ಸೀಮೆಸುಣ್ಣದ ಗುರುತು ತಪ್ಪುತ್ತದೆ. ಡಬ್ಬಿ ಇಡಲು ಕೊಟ್ಟಿದ್ದ ಅವಧಿ ಮುಗಿಯುತ್ತ ಬಂದಿತ್ತು, ಮುಗಿದರೆ ಅಕ್ರಮವಾಗಿ ಇಟ್ಟಂತೆ. ಹೀಗಾಗಿ ನನ್ನ ಬಾಗಿಲಿಗೆ ಅಡ್ಡ ನಿಂತ ಡಬ್ಬಿ ಇನ್ನಷ್ಟು ದಿನ ಅಲ್ಲೇ ನಿಲ್ಲಲು ಅವಕಾಶ ಕೊಡಿ ಎಂದು ನಾನೇ ಅರ್ಜಿ ಬರೆದುಕೊಟ್ಟೆ. ಅರ್ಜಿ ಅಂದೇ ಮಂಜೂರಾಯಿತು.

ಡಬ್ಬಿಯ ಮಾಲೀಕನೂ ಸಿಕ್ಕಿಬಿದ್ದಿದ್ದ. ಅವನ ಡಬ್ಬಿಗೆ ಬೇರೆ ಕಡೆ ಜನ ಕಾಯುತ್ತಿದ್ದರು. ದಿನಾ ಬಂದು ಸಂದಿಯಲ್ಲಿ ನುಸುಳಿ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ. "ಅದಿರು ತುಂಬಿದ ಗಾಡಿ ಹಿಡಿದಾಗ ಇಷ್ಟು ದಿನ ಕುಂತಿದ್ದಿಲ್ರಿ ನಾನು" ಎಂದು ಒಮ್ಮೆ ಅಂದ. ಅಕ್ಕ ಒಳಗಿನಿಂದ, "ಹಂಗಾರ ಹಿಡಿಯೋರ ಗುರುತು ಇರಬೇಕಲ್ಲಲೇ ನಿಂಗ, ಮಾತಾಡು" ಎಂದಳು. ಅವನು ಲೋಟ ಇಟ್ಟು ಎದ್ದ.

ಮಣ್ಣಿನ ಮೂಲಕ್ಕೆ ಏನಾದರೂ ಆಧಾರ ಇದ್ದರೆ ಪರೀಕ್ಷೆ ಬೇಗ ಮುಗಿಯಬಹುದು ಎಂದು ಯಾರೋ ಹೇಳಿದ್ದರಿಂದ ಸಂಡೂರಿಗೆ ಬಸ್ಸು ಹತ್ತಿದೆ. ಅಪ್ಪ ಮಣ್ಣು ತೆಗೆಸುತ್ತಿದ್ದ ಜಾಗ ನನಗೆ ಮಸುಕಾಗಿ ನೆನಪಿತ್ತು. ರಸ್ತೆಯ ಎಡಕ್ಕೆ ಗುಂಡಿ, ಪಕ್ಕದಲ್ಲಿ ಹುಣಸೆಮರ. ಮರ ಇತ್ತು. ಗುಂಡಿ ಇದ್ದ ಕಡೆ ಲಾರಿಗಳ ತೂಕದ ಕಟ್ಟೆ, ಸುತ್ತ ತಂತಿಬೇಲಿ. ಮರದ ಕೆಳಗೆ ಆಡು ಕಾಯುತ್ತ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ.

"ಹ್ಞೂ, ಇಲ್ಲೇ ಇತ್ತು ಗುಂಡಿ. ಸುತ್ತ ಹಳ್ಳ್ಯಾಗಿನ ಮಾಳಿಗಿ ಎಲ್ಲಾ ಇದರ ಮಣ್ಣೇ."

"ಇದನ್ನ ಯಾರರ ಬರೆದು ಕೊಡ್ತಾರೇನ್ರಿ ಯಜಮಾನ್ರ?"

ಅವರು ನನ್ನ ಮುಖ ನೋಡಿದರು. "ಮಣ್ಣು ಹೊತ್ಕೊಂಡು ಹೋದೋರು ಬರೆದು ಇಟ್ಟು ಹೋಗಿದ್ರೇನು, ನಾವು ಬರೆದು ಕೊಡಾಕ?"

ವಾಪಸು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಇಳಿಯುವಾಗ ಅಂಗಿಯ ತೋಳು ಕೆಂಪಾಗಿತ್ತು. ಆ ದಾರಿಯಲ್ಲಿ ಓಡಾಡಿದವರ ಮೈಗೆಲ್ಲ ಅಂಟುವ ಧೂಳು. ಅದನ್ನು ಯಾರೂ ತಡೆಯುವುದಿಲ್ಲ. ಮನೆಗೆ ಬಂದು ಸಂದಿಯಲ್ಲಿ ನುಸುಳಿದಾಗ ಅಂಗಿಯ ಬೆನ್ನೂ ಕೆಂಪಾಯಿತು.

ಅಕ್ಕ ಆ ಹೊತ್ತಿಗೆ ಮಾತು ಕಡಿಮೆ ಮಾಡಿದ್ದಳು. ಕಿಟಕಿಯ ಮುಂದೆ ಕೂತರೆ ಕಾಣುತ್ತಿದ್ದುದು ಡಬ್ಬಿಯ ತುಕ್ಕು ಹಿಡಿದ ಪಕ್ಕೆ ಮಾತ್ರ. ಎದುರು ಮನೆಯಾಕೆ ಡಬ್ಬಿಯ ಆಚೆ ನಿಂತು ಕೂಗಿ ಮಾತಾಡಿಸುತ್ತಿದ್ದಳು, ಮುಖ ಕಾಣುತ್ತಿರಲಿಲ್ಲ. ಅಕ್ಕ ಮೊಣಕಾಲಿನ ಮೇಲೆ ಅಂಗೈ ಇಟ್ಟು ಒತ್ತುತ್ತಿದ್ದಳು. ಮೊದಲು ಮಡಚುತ್ತಿದ್ದಷ್ಟೂ ಈಗ ಮಡಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೇಳಿದಳು: "ಆ ಹುಡುಗ ಬರೆದಿದ್ದು ಇನ್ನೊಮ್ಮಿ ಓದು."

ಓದಿದೆ.

"ವಸ್ತು ಅಂದ್ರ ಏನು?"

"ಮಣ್ಣು."

"ಡಬ್ಬಿ ಅಲ್ಲ?"

"ಅಲ್ಲ."

"ಸ್ಥಳ ಅಂದ್ರ?"

"ನಮ್ಮ ಮನಿ. ಮನಿ ನಂಬರ್ ಬರೆದಾನ."

"ಹಂಗಾರ ಮಣ್ಣು ಮನ್ಯಾಗ ಇರಬೇಕು, ಡಬ್ಬಿ ಎಲ್ಲಿಗರ ಹೋಗಬೌದು. ಮತ್ಯಾಕ ಕುಂತೀವಿ ಹಿಂಗ?"

ನಾನು ಅಧಿಕಾರಿಗೆ ಫೋನ್ ಮಾಡಿದೆ. ಡಬ್ಬಿಯಲ್ಲಿರುವ ಮಣ್ಣನ್ನು ಮನೆಯ ಒಳಗೆ ವಾಪಸು ಹಾಕಿದರೆ ಏನಾದರೂ ಅಡ್ಡಿಯೇ ಎಂದು ಕೇಳಿದೆ. ಆ ಕಡೆಯಿಂದ ಕಾಗದ ತಿರುವಿದ ಸದ್ದು ಕೇಳಿಸಿತು.

"ಹೊರಗ ಹೋಗಾಕ ಎಲ್ಲಾ ಕಾಲಮ್ ಅದಾವು ಸರ್," ಎಂದ. "ಒಳಗ ಹೋಗಾಕ ಯಾವ್ದೂ ಇಲ್ಲ." ಆಮೇಲೆ ದನಿ ತಗ್ಗಿಸಿ, "ಅಮ್ಮಾರ ಕಾಲು ಹೆಂಗೈತ್ರಿ?" ಎಂದು ಕೇಳಿದ.

ಗಾದಿಗನೂರಿನ ಆ ದಂಪತಿಯನ್ನೇ ಮತ್ತೆ ಕರೆಸಿದೆ. ವಿಷಯ ಕೇಳಿ ಹೆಂಡತಿ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. "ತೆಗೆದು ಹಾಕಿದ್ದನ್ನ ಮತ್ತ ಒಳಗ ಹಾಕಾದೇನ್ರಿ? ಹಂಗಾರ ಮಾಳಿಗಿ ಮ್ಯಾಲ ಏರಿಸಿ ಕೊಡಾಣೇನು?"

"ಮಾಳಿಗಿ ಎಲ್ಲೈತವ್ವಾ ಏರ್ಸಾಕ," ಎಂದಳು ಅಕ್ಕ. "ನೆಲಕ್ಕ ಹಾಕು. ಆದ್ರ ಜಲ್ದಿ ಹಾಕು."

ಬುಟ್ಟಿಗಳು ಸಂದಿಯಲ್ಲಿ ಅಡ್ಡಡ್ಡ ನುಸುಳಿ ಒಳಗೆ ಬಂದವು. ಪಡಸಾಲೆ ಹಾಯ್ದು, ಆಕಾಶ ಕಾಣುವ ನಡುಮನೆಯಲ್ಲಿ ಸುರಿದವು. ಬಿಡಿಸಿದ ಮಣ್ಣು ಮಾಳಿಗೆಯ ಮೇಲಿದ್ದಾಗಿನಷ್ಟು ಜಾಗದಲ್ಲಿ ಹಿಡಿಯುವುದಿಲ್ಲ. ಅಡುಗೆಮನೆಯೂ ತುಂಬಿತು. ಅಕ್ಕ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು, ಒಳಗೆ ಹೋಗುವ ಪ್ರತಿ ಬುಟ್ಟಿಯನ್ನೂ ನೋಡುತ್ತ ಕೂತಿದ್ದಳು. ಖಾಲಿಯಾದ ಮೇಲೆ ಲಾರಿ ಬಂತು. ಮಾಲೀಕ ಕೊಂಡಿ ಹಾಕಿಸಿ, "ಅಕ್ಕಾರ, ಇನ್ನೊಮ್ಮಿ ಡಬ್ಬಿ ಬೇಕಾದ್ರ ಮೊದ್ಲ ನಿಮ್ಮ ಕಿಟಕಿ ಮುಚ್ಚಿಸಿ ಫೋನ್ ಮಾಡ್ರಿ" ಎಂದು ಕೈ ಮುಗಿದ. ಡಬ್ಬಿ ಲಾರಿಯ ಬೆನ್ನೇರಿತು. ಬೀದಿಯ ಬೆಳಕು ಪಡಸಾಲೆಯ ಗೋಡೆಯ ತನಕ ಬಂತು.

ಹಲಗೆ ಹಾಕಿ, ಕುರ್ಚಿ ಇಳಿಸಿ, ಆಟೋದಲ್ಲಿ ಅಡ್ಡ ಕೂರಿಸಿ, ಕಾಲಿಗೆ ಕೆಂಪು ಟವೆಲ್ ಕಟ್ಟಿ ಹೊರಟೆವು. ವ್ಯಾಯಾಮದ ಡಾಕ್ಟರು ಮೊಣಕಾಲು ಹಿಡಿದು ಮಡಚಿ ನೋಡಿ, ಯಂತ್ರಕ್ಕೆ ಪಟ್ಟಿ ಬಿಗಿದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಹೊರಗೆ ಕಾಯುವವರಿಗೆಲ್ಲ ಅವಳ ಕೂಗು ಕೇಳಿಸಿತು.

ವಾಪಸು ಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ನಮ್ಮ ಬಚ್ಚಲು ಮನೆಯೊಳಗೇ ಹಿಂಭಾಗದಲ್ಲಿದೆ, ದಾರಿ ನಡುಮನೆಯ ಮೂಲಕ. ಕೂಲಿಯವರು ಗೋಡೆ ಪಕ್ಕಕ್ಕೆ ಒಂದು ಕಾಲುದಾರಿ ಬಿಟ್ಟಿದ್ದರು. ನಾನು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಹೋಗಬಹುದಿತ್ತು. ಗಾಲಿಕುರ್ಚಿ ಹೋಗುತ್ತಿರಲಿಲ್ಲ.

ಅಕ್ಕ ಮಣ್ಣಿನ ರಾಶಿ ನೋಡಿದಳು, ನನ್ನನ್ನು ನೋಡಿದಳು. ಎದುರು ಮನೆಯಾಕೆ ತನ್ನ ಮುಂದಿನ ಕೋಣೆಯಲ್ಲಿ ಆಗಲೇ ಚಾಪೆ ಎತ್ತಿ ಮಂಚ ಹಾಕುತ್ತಿದ್ದಳು. "ಬರ್ರಿ ಅಕ್ಕಾರ, ಕುಂದ್ರಿ. ನಮ್ಮಲ್ಲಿ ಮಾಳಿಗಿ ಸೋರ್ತೈತಿ, ಅದೊಂದು ಬಿಟ್ರ ಏನೂ ತ್ರಾಸಿಲ್ಲ." ಕಂಪ್ಲಿಯ ಮಗಳು ತನ್ನಲ್ಲಿಗೆ ಕರೆದಳು, ಆದರೆ ಯಂತ್ರ ಹೊಸಪೇಟೆಯಲ್ಲಿತ್ತು. ಹೀಗೆ ಅಕ್ಕ ತನ್ನ ಮನೆಯ ಎದುರಿನ ಮನೆಯಲ್ಲಿ ಉಳಿದಳು. ನಾನು ಈ ಕಡೆ ಪಡಸಾಲೆಯಲ್ಲಿ, ತಾಡಪಾಲು ಹೊದ್ದ ಮಣ್ಣಿನ ಜೊತೆ.

ಮಳೆ ಶುರುವಾದ ಮೇಲೆ ಪರೀಕ್ಷೆಯ ವರದಿ ಬಂತು. ಸಾಧಾರಣ ಕೆಮ್ಮಣ್ಣು, ಖನಿಜವೆಂದು ಪರಿಗಣಿಸುವಷ್ಟು ಅಂಶವಿಲ್ಲ. ಅಧಿಕಾರಿಯೇ ತಂದುಕೊಟ್ಟ. ಅಕ್ಕ ಎದುರು ಕಟ್ಟೆಯ ಮೇಲಿದ್ದಳು. ಸಾಧಾರಣ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. "ಏನು ಸಾಧಾರಣ? ಒಂದು ಹನಿ ಸೋರಿದ್ದಿಲ್ಲ ಅಂತ ಬರಿ ಅದ್ರಾಗ" ಎಂದಳು. ಅವನು ನಕ್ಕು, ಈಗ ಮಣ್ಣು ಸಾಗಿಸಲು ಅಡ್ಡಿಯಿಲ್ಲ ಎಂದ. ಡಬ್ಬಿಗೆ ಮಾತ್ರ ಹೊಸ ಅರ್ಜಿ ಬೇಕು, ಹಳೆಯದು ಮುಗಿದಿದೆ. ಜಾಗ ಮೊದಲಿನದೇ.

ಅಕ್ಕ ನಮ್ಮ ಬಾಗಿಲ ಮುಂದಿನ ಖಾಲಿ ಜಾಗವನ್ನು ನೋಡಿದಳು. "ಬ್ಯಾಡ," ಎಂದಳು.

ಆ ವಾರ ವ್ಯಾಯಾಮದ ಡಾಕ್ಟರು ಅಳತೆ ತೆಗೆದು, ಇನ್ನು ಇದಕ್ಕಿಂತ ಹೆಚ್ಚು ಮಡಚುವ ಹಾಗೆ ಕಾಣುವುದಿಲ್ಲ ಎಂದಳು. ಕುರ್ಚಿಯ ಮೇಲೆ ಕೂರಬಹುದು, ಕೋಲು ಹಿಡಿದು ನಡೆಯಬಹುದು. ನೆಲದ ಮೇಲೆ ಕೂರಲಾಗುವುದಿಲ್ಲ. ಆ ದಿನಗಳು ತಪ್ಪದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಹೇಳಲು ಬರುವುದಿಲ್ಲ ಎಂದಳು. ವಾಪಸು ಬರುವಾಗ ಆಟೋದಲ್ಲಿ ಅಕ್ಕನ ಕಾಲು ಈಗ ಸೀಟಿನೊಳಗೇ ಹಿಡಿಯುತ್ತಿತ್ತು, ಟವೆಲ್ ಕಟ್ಟಬೇಕಿರಲಿಲ್ಲ. ಅದನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಓಣಿ ತಿರುಗುವಾಗ ಹೇಳಿದಳು: "ಒಲಿ ಎತ್ತರಕ್ಕ ಮಾಡ್ಸು. ನಿಂತ್ಕೊಂಡು ಬಡಿಯಾಕ ಬರ್ತೈತೇನೋ ನೋಡಾಣು."

ಮಣ್ಣನ್ನು ಹೊರಗೆ ಸಾಗಿಸಲಿಲ್ಲ. ನಡುಮನೆ, ಅಡುಗೆಮನೆಯ ನೆಲಕ್ಕೆ ಅದನ್ನೇ ಹರವಿ, ನೀರು ಹೊಡೆದು, ದಮ್ಮಸು ಮಾಡಿಸಿ, ಪಡಸಾಲೆಯ ಮಟ್ಟಕ್ಕೆ ತಂದೆವು. ಹೊಸ್ತಿಲುಗಳು ನೆಲದಲ್ಲಿ ಮುಚ್ಚಿಹೋದವು, ಅಕ್ಕನ ಕುರ್ಚಿ ಬಚ್ಚಲಿನ ತನಕ ತಡೆಯಿಲ್ಲದೆ ಹೋಗುತ್ತದೆ. ಉಳಿದದ್ದನ್ನು ಒಲೆಯ ಕಟ್ಟೆಯೊಳಗೆ ತುಂಬಿ ಮೇಲೆ ಕಲ್ಲು ಹಾಕಿಸಿದೆ. ಮಾಳಿಗೆಯ ಜಾಗಕ್ಕೆ ಕಾಂಕ್ರೀಟು ಬಂತು. ಬೇಸಿಗೆಯಲ್ಲಿ ಒಳಗೆ ಕೂರಲಾಗುವುದಿಲ್ಲ.

ಅಕ್ಕ ನಿಂತು ರೊಟ್ಟಿ ಬಡಿಯುತ್ತಾಳೆ. ಮೊದಲಿನಷ್ಟು ಹೊತ್ತು ನಿಲ್ಲಲಾಗುವುದಿಲ್ಲ, ಕೆಲವು ಮನೆಗಳಿಗೆ ಮಾತ್ರ ಕೊಡುತ್ತಾಳೆ. ಸದ್ದು ಬೇರೆ ಥರ ಕೇಳಿಸುತ್ತದೆ, ಎದುರು ಮನೆಯಾಕೆಗೆ ಈಗ ಅದರಿಂದ ಎಚ್ಚರವಾಗುವುದಿಲ್ಲವಂತೆ. ನೆಲ ಏರಿತು, ಬಾಗಿಲ ಮೇಲಿನ ಕಲ್ಲು ಇದ್ದಲ್ಲೇ ಇದೆ. ಅಡುಗೆಮನೆಗೆ ಹೋಗುವಾಗ ಪ್ರತಿ ಸಲ ನನ್ನ ಹಣೆ ಅದಕ್ಕೆ ಬಡಿಯುತ್ತದೆ. ಇವತ್ತು ಬೆಳಿಗ್ಗೆಯೂ ಬಡಿಯಿತು. ಅಕ್ಕ ತವೆಯಿಂದ ಕಣ್ಣೆತ್ತದೆ ಹೇಳಿದಳು:

"ಬಗ್ಗಲೇ. ನನ್ನ ಮೊಣಕಾಲು ಬಗ್ಗಲಿಲ್ಲಂತ ನೀನೂ ಬಗ್ಗದಂಗ ನಿಂತ್ರ ಈ ಮನ್ಯಾಗ ಓಡಾಡೋರು ಯಾರು?"